ಹತ್ತು ನಿಮಿಷ ಓಡಿತು, ಹಾಗಾದ್ರೆ ಸ್ಥಿರ ಅಲ್ವಾ?

ಓವರ್‌ಕ್ಲಾಕಿಂಗ್ (ಚಿಪ್ಪನ್ನು ತಯಾರಕರು ನಿಗದಿ ಮಾಡಿದ್ದಕ್ಕಿಂತ ಜೋರಾಗಿ ಓಡಿಸುವುದು) ಬಗ್ಗೆ ಬರುವ ಪತ್ರಗಳಲ್ಲಿ ಪ್ರೊಸೆಸರ್ ಹೆಸರು ಬೇರೆ, ಅಂಕಿ ಬೇರೆ, ಗೋಳು ಮಾತ್ರ ಒಂದೇ. ಹಾಗಾಗಿ ಈ ಸಲ ಒಂದು ಪತ್ರಕ್ಕೆ ಉದ್ದವಾಗಿ ಉತ್ತರಿಸಿ, ಉಳಿದವನ್ನು ಬೇಗ ಮುಗಿಸುತ್ತೇನೆ. ಬಯಾಸ್ (ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಜಾಗ) ಒಳಗೆ ಹೋಗುವುದು ಹೇಗೆ, ಸಿಮೋಸ್ ಕ್ಲಿಯರ್ ಮಾಡುವ (ಆ ಸೆಟ್ಟಿಂಗ್ ಎಲ್ಲ ಅಳಿಸಿ ಮೊದಲಿನಂತೆ ಮಾಡುವ) ಪಿನ್ ಎಲ್ಲಿದೆ ಎಂದು ಕೇಳಿದವರು ಮದರ್‌ಬೋರ್ಡಿನ ಕೈಪಿಡಿ ತೆರೆದು ನೋಡಿ. ಅದು ಗೊತ್ತಾಗುವವರೆಗೆ ಬೇರೆ ಏನನ್ನೂ ಮುಟ್ಟಬೇಡಿ.

ಪ್ರಶ್ನೆ: ನನ್ನದು ರೈಜನ್ 5 5600ಎಕ್ಸ್. ಒಂದು ವಿಡಿಯೋ ನೋಡಿ ಪಿಬಿಒ (ಪ್ರೊಸೆಸರ್ ತಾನಾಗಿಯೇ ಇನ್ನೂ ವೇಗ ಏರಿಸಿಕೊಳ್ಳಲು ಬಿಡುವ ಸೆಟ್ಟಿಂಗ್) ಆನ್ ಮಾಡಿದೆ. ಬೂಸ್ಟ್ (ಗರಿಷ್ಠ ವೇಗ) 200 ಮೆಗಾಹರ್ಟ್ಸ್ ಏರಿಸಿ, ಕರ್ವ್ ಆಪ್ಟಿಮೈಜರ್ (ಒಂದೊಂದು ಕೋರ್‌ನ ವೋಲ್ಟೇಜ್ ಏರಿಳಿಸುವ ಸೆಟ್ಟಿಂಗ್) ಎಲ್ಲ ಕೋರ್‌ಗೂ ಮೈನಸ್ 30 ಇಟ್ಟೆ. ಮೆಮೊರಿಗೆ ಎಕ್ಸ್‌ಎಂಪಿ (ಅದರ ವೇಗ ಏರಿಸುವ ಸಿದ್ಧ ಸೆಟ್ಟಿಂಗ್) ಹಾಕಿದ್ದೇನೆ. ಸಿನಿಬೆಂಚ್ (ಪ್ರೊಸೆಸರಿನ ವೇಗ ಅಳೆಯುವ ಪ್ರೋಗ್ರಾಂ) ಹತ್ತು ನಿಮಿಷ ಓಡಿತು, ಅಂಕವೂ ಏರಿತು, ಬಿಸಿ 75 ಡಿಗ್ರಿ ದಾಟಲಿಲ್ಲ. ಆದರೆ ಸುಮ್ನೆ ಬಿಟ್ಟಾಗ ರೀಸ್ಟಾರ್ಟ್ ಆಗುತ್ತದೆ. ಒಂದೆರಡು ಸಲ ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್ ಬಂತು. ಇದು ಸ್ಥಿರ ಅಲ್ವಾ? ವಿಂಡೋಸ್ ಮತ್ತೆ ಹಾಕಬೇಕಾ?

ಉತ್ತರ: ಸ್ಥಿರ ಅಲ್ಲ. ವಿಂಡೋಸ್ ಮತ್ತೆ ಹಾಕಬೇಡಿ, ಈಗಂತೂ ಖಂಡಿತ ಬೇಡ. ಲೆಕ್ಕ ತಪ್ಪುವ ಪ್ರೊಸೆಸರ್ ಕೈಲಿ ವಿಂಡೋಸ್ ಹಾಕಿಸಿದರೆ ಹೊಸ ವಿಂಡೋಸ್‌ನಲ್ಲೂ ಕೆಟ್ಟ ಫೈಲ್‌ಗಳು ಕೂರುತ್ತವೆ.

ರೀಸ್ಟಾರ್ಟ್‌ಗಿಂತ ನನಗೆ ಭಯ ಹುಟ್ಟಿಸಿದ್ದು ಆ ಸಿಆರ್‌ಸಿ ಎರರ್. ಜಿಪ್ ಫೈಲ್ ತನ್ನೊಳಗೆ ಒಂದು ಚೆಕ್‌ಸಮ್ (ಡೇಟಾ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆ, ಸಿಆರ್‌ಸಿ ಅಂದರೆ ಅದೇ) ಇಟ್ಟುಕೊಂಡಿರುತ್ತದೆ, ಅದಕ್ಕೇ ತಪ್ಪು ಸಿಕ್ಕಿಬಿತ್ತು. ನಿಮ್ಮ ಫೋಟೋಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಮಾಡುವಾಗ ಸಾಮಾನ್ಯವಾಗಿ ಅಂಥ ಕಾವಲು ಇರುವುದಿಲ್ಲ. ತಪ್ಪು ಬಿಟ್ ಸದ್ದಿಲ್ಲದೆ ಡಿಸ್ಕ್ ಸೇರುತ್ತದೆ. ನಾನೂ ಒಮ್ಮೆ ಓವರ್‌ಕ್ಲಾಕ್ ಮಾಡಿದ ಮಷೀನ್‌ನಲ್ಲಿ ಹಳೆಯ ಫೋಟೋಗಳನ್ನೆಲ್ಲ ಜಿಪ್ ಮಾಡಿ, ಮೂಲ ಅಳಿಸಿಬಿಟ್ಟೆ. ತಿಂಗಳುಗಳ ನಂತರ ನೋಡಿದರೆ ಮೂರು ಫೋಲ್ಡರ್ ಬಿಚ್ಚಲೇ ಇಲ್ಲ. ಅಂದಿನಿಂದ ಈ ವಿಷಯದಲ್ಲಿ ನಾನು ಪುಕ್ಕಲ. ಮೊದಲು ಬ್ಯಾಕಪ್ ತೆಗೆಯಿರಿ. ಅದನ್ನೂ ಎಲ್ಲ ಸೆಟ್ಟಿಂಗ್ ಮೂಲಕ್ಕೆ ತಂದ ಮೇಲೆ.

ಇನ್ನು, ಭಾರಿ ಕೆಲಸದಲ್ಲಿ ಗಟ್ಟಿಯಾಗಿ ನಿಂತ ಪ್ರೊಸೆಸರ್ ಖಾಲಿ ಕೂತಾಗ ಬೀಳುವುದು ಯಾಕೆ? ಸಿನಿಬೆಂಚ್ ಆರೂ ಕೋರ್‌ಗಳನ್ನು ಒಟ್ಟಿಗೆ ದುಡಿಸುತ್ತದೆ. ಆಗ ವಿದ್ಯುತ್ ಮಿತಿ ಅಡ್ಡ ಬಂದು ಯಾವ ಕೋರ್ ಕೂಡ ತನ್ನ ಗರಿಷ್ಠ ವೇಗಕ್ಕೆ ಹೋಗುವುದಿಲ್ಲ. ಮಷೀನ್ ಸುಮ್ನೆ ಇದ್ದಾಗ ಹಿನ್ನೆಲೆಯ ಒಂದು ಚಿಕ್ಕ ಕೆಲಸ ಏಳುತ್ತದೆ, ಒಂದೇ ಕೋರ್ ಚಂಗನೆ ಮೇಲಕ್ಕೆ ಹಾರುತ್ತದೆ. ಈ ಪ್ರೊಸೆಸರಿನ ಘೋಷಿತ ಬೂಸ್ಟ್ 4.6 ಗಿಗಾಹರ್ಟ್ಸ್. ನೀವು 200 ಸೇರಿಸಿದ್ದರಿಂದ ಅದು 4.8ರ ಆಸುಪಾಸಿಗೆ ಕೈಚಾಚುತ್ತದೆ. ಅದೇ ಹೊತ್ತಿಗೆ ಮೈನಸ್ 30 ಇಟ್ಟು ವೋಲ್ಟೇಜ್ ಕಿತ್ತುಕೊಂಡಿದ್ದೀರಿ. ಕರ್ವ್ ಆಪ್ಟಿಮೈಜರ್‌ನ ಒಂದೊಂದು ಅಂಕೆ ಸುಮಾರು 3ರಿಂದ 5 ಮಿಲಿವೋಲ್ಟ್. 30 ಅಂಕೆ ಅಂದರೆ 90ರಿಂದ 150 ಮಿಲಿವೋಲ್ಟ್. ವೇಗ ಜಾಸ್ತಿ ಕೇಳಿ ಆಹಾರ ಕಡಿಮೆ ಕೊಟ್ಟರೆ ಎಲ್ಲ ಕೋರ್ ತಡೆಯುವುದಿಲ್ಲ. ಅದರಲ್ಲೂ ಒಳ್ಳೆಯ ಕೋರ್‌ಗಳೇ ಮೊದಲು ಕೈಕೊಡುವುದು ಜಾಸ್ತಿ. ಕಾರ್ಖಾನೆಯಲ್ಲೇ ಅವುಗಳಿಗೆ ಕಡಿಮೆ ವೋಲ್ಟೇಜ್ ನಿಗದಿಯಾಗಿರುತ್ತದೆ. ಕಿತ್ತುಕೊಳ್ಳಲು ಅಲ್ಲಿ ಮಿಕ್ಕಿರುವುದೇ ಕಡಿಮೆ.

ವಿಡಿಯೋದವರ ಮೈನಸ್ 30 ಅವರ ಚಿಪ್‌ಗೆ ಸರಿ ಇರಬಹುದು. ಒಂದೇ ಮಾಡೆಲ್‌ನ ಎರಡು ಚಿಪ್ ಒಂದೇ ರೀತಿ ಇರುವುದಿಲ್ಲ. ಒಂದೇ ಚಿಪ್‌ನ ಎರಡು ಕೋರ್ ಕೂಡ ಒಂದೇ ರೀತಿ ಇರುವುದಿಲ್ಲ. ಇನ್ನೊಬ್ಬರ ಕನ್ನಡಕ ಹಾಕಿಕೊಂಡು ಮಸುಕು ಕಾಣುತ್ತದೆ ಅಂದ ಹಾಗಿದೆ ನಿಮ್ಮ ಪತ್ರ.

ಈಗ ಕೆಲಸಕ್ಕೆ ಬನ್ನಿ. ಎಕ್ಸ್‌ಎಂಪಿ ತೆಗೆಯಿರಿ, ಪಿಬಿಒ ತೆಗೆಯಿರಿ, ಕರ್ವ್ ಸೊನ್ನೆಗೆ ತನ್ನಿ. ಎಕ್ಸ್‌ಎಂಪಿಯನ್ನು ಯಾರೂ ಓವರ್‌ಕ್ಲಾಕ್ ಎಂದು ಎಣಿಸುವುದಿಲ್ಲ, ಆದರೆ ಅದೂ ಓವರ್‌ಕ್ಲಾಕೇ. ನಿಮ್ಮ ಸಿಆರ್‌ಸಿ ಎರರ್‌ಗೆ ಮೆಮೊರಿಯೇ ಕಾರಣ ಇರಬಹುದು. ಮೂಲ ಸೆಟ್ಟಿಂಗ್‌ನಲ್ಲೂ ರೀಸ್ಟಾರ್ಟ್ ಆದರೆ ಅದು ಓವರ್‌ಕ್ಲಾಕಿನ ಪ್ರಶ್ನೆಯೇ ಅಲ್ಲ, ವಾರಂಟಿಯ ಪ್ರಶ್ನೆ. ಆಗದಿದ್ದರೆ ಎಕ್ಸ್‌ಎಂಪಿ ಮಾತ್ರ ಹಾಕಿ ಒಂದು ರಾತ್ರಿ ಮೆಮ್‌ಟೆಸ್ಟ್86 (ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ) ಓಡಿಸಿ. ಒಂದೇ ಒಂದು ಎರರ್ ಬಂದರೂ ಫೇಲ್. "ಒಂದೇ ಅಲ್ವಾ" ಎಂದು ಬರೆಯಬೇಡಿ.

ಅದು ಪಾಸಾದ ಮೇಲೆ ಪಿಬಿಒ, ಎಲ್ಲ ಕೋರ್‌ಗೂ ಮೈನಸ್ 10. ಆ 200 ಮೆಗಾಹರ್ಟ್ಸ್ ಸದ್ಯಕ್ಕೆ ಮರೆತುಬಿಡಿ. ಈಗ ಕೋರ್‌ಸೈಕ್ಲರ್ ಓಡಿಸಿ. ಅದು ಒಂದೊಂದೇ ಕೋರ್ ಮೇಲೆ ಪ್ರೈಮ್95 ಎಂಬ ಭಾರಿ ಲೆಕ್ಕದ ಪ್ರೋಗ್ರಾಂ ಹಾಕುತ್ತದೆ, ಹಾಗಾಗಿ ಕೋರ್ ತನ್ನ ತುದಿ ವೇಗಕ್ಕೆ ಹೋಗಲೇಬೇಕು. ಇನ್ನೊಂದು ಮುಖ್ಯ ವಿಷಯ. ಸಿನಿಬೆಂಚ್ ಚಿತ್ರ ಬಿಡಿಸಿ ಅಂಕ ಕೊಡುತ್ತದೆ, ಅಷ್ಟೇ. ನಡುವೆ ಒಂದು ಲೆಕ್ಕ ತಪ್ಪಿದರೂ ಅದು ನಿಮಗೆ ಹೇಳುವುದಿಲ್ಲ. ಪ್ರೈಮ್95 ತನ್ನ ಲೆಕ್ಕವನ್ನು ತಾನೇ ತಾಳೆ ನೋಡುತ್ತದೆ. ರೌಂಡಿಂಗ್ 0.5 ಬಂತು, 0.4ಕ್ಕಿಂತ ಕಡಿಮೆ ಇರಬೇಕಿತ್ತು ಎಂಬ ಸಾಲು ಕಂಡರೆ ಕ್ರ್ಯಾಶ್ ಆಗದಿದ್ದರೂ ಆ ಕೋರ್ ಸುಳ್ಳು ಹೇಳಿದೆ ಎಂದೇ ಅರ್ಥ. ಆ ಕೋರ್‌ಗೆ ಮೂರು ಅಂಕೆ ಬಿಟ್ಟುಕೊಡಿ (ಮೈನಸ್ 10 ಇದ್ದದ್ದು ಮೈನಸ್ 7), ಮತ್ತೆ ಓಡಿಸಿ. ಪಾಸಾದ ಕೋರ್‌ಗಳನ್ನು ಇನ್ನೂ ಐದು ಕೆಳಗಿಳಿಸಿ (ಮೈನಸ್ 15) ನೋಡಬಹುದು. ಇದಕ್ಕೆ ಒಂದು ವಾರ ಹಿಡಿಯುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಮೈನಸ್ 5ರಲ್ಲಿ ಬಿಟ್ಟು, ಅದನ್ನಾದರೂ ಒಂದು ರಾತ್ರಿ ಪರೀಕ್ಷಿಸಿ.

ಪರೀಕ್ಷೆ ಪಾಸಾದ ಮೇಲೂ ಕೆಲವು ದಿನ ಈವೆಂಟ್ ವ್ಯೂವರ್ (ವಿಂಡೋಸ್‌ನ ದಾಖಲೆ ಪುಸ್ತಕ) ತೆರೆದು ಡಬ್ಲ್ಯುಎಚ್ಇಎ-ಲಾಗರ್ ಹೆಸರಿನ (ಹಾರ್ಡ್‌ವೇರ್ ತಪ್ಪಿನ) ದಾಖಲೆ ಇದೆಯಾ ನೋಡುತ್ತಿರಿ. ಹಾಗೇ ರೀಸ್ಟಾರ್ಟ್ ಆದ ಸಲ ಅಲ್ಲಿ ಸಾಮಾನ್ಯವಾಗಿ ಈವೆಂಟ್ 18 ಇರುತ್ತದೆ, ಜೊತೆಗೆ ಒಂದು ಎಪಿಐಸಿ ಐಡಿ. ನಿಮ್ಮ ಪ್ರೊಸೆಸರ್‌ನಲ್ಲಿ ಆ ಸಂಖ್ಯೆಯನ್ನು ಎರಡರಿಂದ ಭಾಗಿಸಿ ಶೇಷ ಬಿಟ್ಟರೆ ಕಳ್ಳ ಕೋರ್ ಯಾವುದು ಎಂದು ಗೊತ್ತಾಗುತ್ತದೆ. ಎಣಿಕೆ ಸೊನ್ನೆಯಿಂದ ಶುರು.

ಇಷ್ಟೆಲ್ಲ ಆದ ಮೇಲೆ, ಬೇಕಿದ್ದರೆ, ವಿಂಡೋಸ್ ಮತ್ತೆ ಹಾಕಿ.

ಪ್ರಶ್ನೆ: ಐ9-13900ಕೆ. ಎಲ್ಲ ಕೋರ್ 5.8 ಗಿಗಾಹರ್ಟ್ಸ್‌ಗೆ 1.45 ವೋಲ್ಟ್ ಕೊಟ್ಟಿದ್ದೇನೆ. ಎಲ್‌ಎಲ್‌ಸಿ (ಭಾರ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ಹಿಡಿಯುವ ಸೆಟ್ಟಿಂಗ್) ಗರಿಷ್ಠ. ಬಯಾಸ್ ಅಪ್‌ಡೇಟ್ ಮಾಡಿಲ್ಲ, ಮಾಡಿದರೆ ವೇಗ ಕಡಿಮೆಯಾಗುತ್ತದಂತೆ.

ಉತ್ತರ: ಇವತ್ತೇ ಅಪ್‌ಡೇಟ್ ಮಾಡಿ. 13 ಮತ್ತು 14ನೇ ತಲೆಮಾರಿನ ಈ ಚಿಪ್‌ಗಳು ಅತಿ ವೋಲ್ಟೇಜ್‌ನಿಂದ ಒಳಗೊಳಗೇ ಸವೆಯುತ್ತವೆ ಎಂದು ಇಂಟೆಲ್ ತಾನೇ ಒಪ್ಪಿಕೊಂಡು 2024ರ ಆಗಸ್ಟ್‌ನಿಂದ ಮೈಕ್ರೋಕೋಡ್ (ಬಯಾಸ್ ಅಪ್‌ಡೇಟ್ ಜೊತೆ ಬರುವ ಚಿಪ್‌ನ ತಿದ್ದುಪಡಿ) ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಆಗಲೇ ಸವೆದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ. ಎಲ್‌ಎಲ್‌ಸಿ ಗರಿಷ್ಠ ಇಟ್ಟಾಗ, ಭಾರ ಇಳಿದ ಕ್ಷಣ ವೋಲ್ಟೇಜ್ ಪುಟಿದು ಮೇಲೇಳುತ್ತದೆ. ಅದು ಆಸಿಲೋಸ್ಕೋಪ್‌ನಲ್ಲಿ ಕಾಣುತ್ತದೆ, ನಿಮ್ಮ ಸಾಫ್ಟ್‌ವೇರ್‌ನಲ್ಲಿ ಕಾಣುವುದಿಲ್ಲ. ನಡುವಿನ ಹಂತಕ್ಕೆ ಇಳಿಸಿ. ಕೆಲವು ಬೋರ್ಡ್‌ಗಳಲ್ಲಿ 1 ಅಂದರೆ ಅತಿ ಹೆಚ್ಚು, ಕೆಲವದರಲ್ಲಿ 8. ಕೈಪಿಡಿ ಓದಿ. ಲೆಕ್ಕವನ್ನೂ ಮಾಡಿ ನೋಡಿ: ವಿದ್ಯುತ್ ಬಳಕೆ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ವೇಗ 5 ಪರ್ಸೆಂಟ್, ವೋಲ್ಟೇಜ್ 10 ಪರ್ಸೆಂಟ್ ಏರಿಸಿದರೆ ಬಳಕೆ ಸುಮಾರು 27 ಪರ್ಸೆಂಟ್ ಏರುತ್ತದೆ. ನಾನಾಗಿದ್ದರೆ ಈ ಚಿಪ್‌ನಲ್ಲಿ ವೋಲ್ಟೇಜ್ ಇಳಿಸುವ ದಾರಿ ಹುಡುಕುತ್ತಿದ್ದೆ.

ಪ್ರಶ್ನೆ: ರೈಜನ್ 7700ಎಕ್ಸ್ 95 ಡಿಗ್ರಿ ತೋರಿಸುತ್ತಿದೆ. ಸುಟ್ಟುಹೋಗುತ್ತದಾ?

ಉತ್ತರ: ಇಲ್ಲ, ಭಾರಿ ಕೆಲಸದಲ್ಲಿ ಅಲ್ಲಿವರೆಗೆ ಹೋಗುವಂತೆಯೇ ಅದನ್ನು ಮಾಡಿದ್ದಾರೆ. ಬಯಾಸ್‌ನಲ್ಲಿ ಮಿತಿಯನ್ನು 85ಕ್ಕೆ ಇಳಿಸಿ ನೆಮ್ಮದಿಯಾಗಿರಿ.

ಪ್ರಶ್ನೆ: ಐ5-13400ನಲ್ಲಿ ಮಲ್ಟಿಪ್ಲೈಯರ್ (ವೇಗ ನಿರ್ಧರಿಸುವ ಗುಣಕ) ಏರಿಸುವುದು ಹೇಗೆ?

ಉತ್ತರ: ಹೆಸರಿನ ಕೊನೆಗೆ ಕೆ ಇಲ್ಲ, ಅಂದರೆ ಅದು ಲಾಕ್ ಆಗಿದೆ. ಏರುವುದಿಲ್ಲ.

ಪ್ರಶ್ನೆ: "ನೂರಕ್ಕೆ ನೂರು ಸ್ಟೇಬಲ್" ಬಯಾಸ್ ಪ್ರೊಫೈಲ್ ಮಾರುತ್ತಿದ್ದಾರೆ. ತಗೊಳ್ಳಲಾ?

ಉತ್ತರ: ನಿಮ್ಮ ಚಿಪ್ ಮುಖವನ್ನೇ ನೋಡದವರು ಅದಕ್ಕೆ ಮದ್ದು ಬರೆದುಕೊಡುತ್ತಿದ್ದಾರೆ. ಮೇಲಿನ ಮೊದಲ ಉತ್ತರ ಇನ್ನೊಮ್ಮೆ ಓದಿ.

ಪ್ರಶ್ನೆ: ಅಲ್ಯೂಮಿನಿಯಂ ಕೂಲರ್‌ಗೆ ಲಿಕ್ವಿಡ್ ಮೆಟಲ್ (ಪ್ರೊಸೆಸರ್ ಮತ್ತು ಕೂಲರ್ ನಡುವೆ ಬಿಸಿ ಸಾಗಿಸಲು ಹಚ್ಚುವ ದ್ರವ ಲೋಹ) ಹಚ್ಚಬಹುದಾ?

ಉತ್ತರ: ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಬೇಡ.

ಪ್ರಶ್ನೆ: ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್?

ಉತ್ತರ: ಒಣಗಿ ಹಕ್ಕಳೆಯಾಗುತ್ತದೆ. ಹಲ್ಲಿಗೆ ಹಚ್ಚಿ.