ಕಾನೂನು ಪ್ರಶ್ನೋತ್ತರ: ವಿದ್ವಾಂಸರ ಬರಹಕ್ಕೆ ನ್ಯಾಯಾಲಯದಲ್ಲಿ ಬೆಲೆಯೆಷ್ಟು?

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಕಾಯ್ದೆ ಮತ್ತು ತೀರ್ಪುಗಳನ್ನು ಓದಿಕೊಂಡರೆ ಸಾಕು, ಸಂಶೋಧನಾ ಲೇಖನಗಳು ನ್ಯಾಯಾಲಯವನ್ನು ಬಂಧಿಸುವುದಿಲ್ಲವಾದ್ದರಿಂದ ಅವುಗಳಿಂದ ಪ್ರಯೋಜನವಿಲ್ಲ ಎಂದು ಹಿರಿಯ ಸಹಪಾಠಿಗಳು ಹೇಳುತ್ತಾರೆ. ಇದು ನಿಜವೇ?

ಉತ್ತರ: ಲೇಖನವು ನ್ಯಾಯಾಲಯವನ್ನು ಬಂಧಿಸುವುದಿಲ್ಲ ಎಂಬುದು ನಿಜ, ಆದ್ದರಿಂದ ಪ್ರಯೋಜನವಿಲ್ಲ ಎಂಬ ತೀರ್ಮಾನ ಮಾತ್ರ ತಪ್ಪು. ಕಾಯ್ದೆಯ ಹಿಂದೆ ಶಾಸಕಾಂಗದ ಅಧಿಕಾರವಿದೆ, ತೀರ್ಪಿನ ಹಿಂದೆ ಪೀಠದ ಅಧಿಕಾರವಿದೆ, ವಿದ್ವಾಂಸರ ಬರಹದ ಹಿಂದೆ ಇರುವುದು ತರ್ಕದ ಬಲವೊಂದೇ. ಆ ಬಲ ಎಷ್ಟರ ಮಟ್ಟಿನದು ಎಂಬುದನ್ನು ತಿಳಿಯಲು ಇಂಗ್ಲೆಂಡಿನ ಕ್ರಿಮಿನಲ್ ಕಾನೂನಿನ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಮನೆಗಳ್ಳತನದ ತನಿಖೆಗೆ ಬಂದ ಪೊಲೀಸರ ಮುಂದೆ ಮಹಿಳೆಯೊಬ್ಬರು, ತಮ್ಮಲ್ಲಿದ್ದ ವಿಡಿಯೋ ರೆಕಾರ್ಡರನ್ನು ಕದ್ದ ಮಾಲೆಂದು ನಂಬಿಯೇ ಕೊಂಡಿದ್ದಾಗಿ ಒಪ್ಪಿಕೊಂಡರು. ಅದು ನಿಜವಾಗಿಯೂ ಕದ್ದ ಮಾಲು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಹೀಗಾಗಿ ಅವರ ಮೇಲೆ ಉಳಿದದ್ದು ಕದ್ದ ಮಾಲನ್ನು ಪಡೆಯುವ ಪ್ರಯತ್ನದ ಆರೋಪ ಮಾತ್ರ. ವಾಸ್ತವದಲ್ಲಿ ಅಪರಾಧ ಪೂರ್ಣಗೊಳ್ಳಲು ಸಾಧ್ಯವೇ ಇಲ್ಲದಿದ್ದರೂ ಪ್ರಯತ್ನ ಶಿಕ್ಷಾರ್ಹ ಎಂದು 1981ರ ಕಾಯ್ದೆ ಹೇಳಿತ್ತಾದರೂ, 1985ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಬಹುಮತದಿಂದ ಅವರು ತಪ್ಪಿತಸ್ಥರಲ್ಲ ಎಂದಿತು. ಕ್ರಿಮಿನಲ್ ಕಾನೂನಿನ ದೊಡ್ಡ ವಿದ್ವಾಂಸರಾದ ಗ್ಲ್ಯಾನ್‌ವಿಲ್ ವಿಲಿಯಮ್ಸ್ ಈ ತೀರ್ಪು ಕಾಯ್ದೆಯ ಮಾತನ್ನೇ ಬದಿಗೊತ್ತಿದೆ ಎಂದು ಕೇಂಬ್ರಿಡ್ಜ್‌ನ ಕಾನೂನು ನಿಯತಕಾಲಿಕೆಯಲ್ಲಿ ಕಟುವಾಗಿ ಬರೆದರು. 1986ರಲ್ಲಿ ಅದೇ ಪ್ರಶ್ನೆ ಮತ್ತೆ ಬಂತು: ಮಾದಕ ವಸ್ತುವೆಂದು ನಂಬಿ ಒಬ್ಬ ವ್ಯಕ್ತಿ ಸಾಗಿಸಿದ್ದು ನಿರುಪದ್ರವಿ ಸಸ್ಯಪದಾರ್ಥವೆಂದು ಪರೀಕ್ಷೆಯಲ್ಲಿ ತಿಳಿಯಿತು. ಈ ಬಾರಿ ಲಾರ್ಡ್ಸ್ ಸುಮಾರು ಒಂದು ವರ್ಷದ ಹಿಂದಿನ ತಮ್ಮದೇ ತೀರ್ಪನ್ನು ತಳ್ಳಿಹಾಕಿ ಶಿಕ್ಷೆಯನ್ನು ಎತ್ತಿಹಿಡಿದರು. ಮೊದಲ ತೀರ್ಪಿನ ಬಹುಮತದಲ್ಲಿದ್ದ ಲಾರ್ಡ್ ಬ್ರಿಡ್ಜ್ ಅವರೇ ಎರಡನೆಯದನ್ನೂ ಬರೆದರು. ಪ್ರಾಧ್ಯಾಪಕರ ಭಾಷೆಯಲ್ಲಿ ಸಂಯಮ ಕಡಿಮೆಯಿದ್ದರೂ ಅವರ ಟೀಕೆಯ ಬಲವನ್ನು ಗುರುತಿಸದಿರುವುದು ಮೂರ್ಖತನವಾಗುತ್ತದೆ ಎಂದು ಅವರು ತೀರ್ಪಿನಲ್ಲಿಯೇ ದಾಖಲಿಸಿದರು. ವಿದ್ವಾಂಸ ಮತ್ತು ನ್ಯಾಯಮೂರ್ತಿ ಇಬ್ಬರಿಗೂ ಇದಕ್ಕಿಂತ ದೊಡ್ಡ ಗೌರವವನ್ನು ನಾನು ಕಲ್ಪಿಸಿಕೊಳ್ಳಲಾರೆ.

ಪ್ರಶ್ನೆ: ಭಾರತ ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದಲೂ ಕೆಡಿಸಲಾಗದು ಎಂಬ ಮೂಲ ಸಂರಚನೆಯ ಸಿದ್ಧಾಂತಕ್ಕೆ ಜರ್ಮನಿಯ ಪ್ರಾಧ್ಯಾಪಕರೊಬ್ಬರ ಉಪನ್ಯಾಸ ಕಾರಣ ಎಂದು ಓದಿದೆ. ಹೊರಗಿನವರ ವಿಚಾರ ನಮ್ಮ ಸಾರ್ವಜನಿಕ ಕಾನೂನಿಗೆ ಆಧಾರವಾಗುವುದು ಸರಿಯೇ?

ಉತ್ತರ: ಕಾರಣ ಎನ್ನುವುದಕ್ಕಿಂತ ಪ್ರೇರಣೆಗಳಲ್ಲಿ ಒಂದು ಎನ್ನುವುದು ಹೆಚ್ಚು ಸರಿ. ಹೈಡೆಲ್‌ಬರ್ಗ್‌ನ ಡೀಟ್ರಿಚ್ ಕಾನ್ರಾಡ್ 1965ರ ಫೆಬ್ರವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ, ತಿದ್ದುಪಡಿ ಮಾಡುವ ಅಧಿಕಾರಕ್ಕೆ ಸಂವಿಧಾನದಲ್ಲಿಯೇ ಅಡಗಿರುವ ಮಿತಿಗಳ ಬಗ್ಗೆ ಮಾತನಾಡಿದರು. ಕಾನೂನಿನ ಆಧಾರವಿಲ್ಲದೆಯೇ ಜೀವ ಮತ್ತು ಸ್ವಾತಂತ್ರ್ಯವನ್ನು ಕಸಿಯಬಹುದೆಂದು 21ನೇ ವಿಧಿಯನ್ನು ತಿದ್ದಬಹುದೇ, ಸಂವಿಧಾನವನ್ನೇ ರದ್ದುಮಾಡಿ ಮೊಗಲ್ ಚಕ್ರವರ್ತಿಯ ಆಳ್ವಿಕೆಯನ್ನು ಮರಳಿ ತರಬಹುದೇ ಎಂಬಂಥ ಪ್ರಶ್ನೆಗಳನ್ನು ಅವರು ಮುಂದಿಟ್ಟರು. ಹಿಟ್ಲರನಿಗೆ ಮೊದಲಿನ ಜರ್ಮನಿಯ ವೈಮಾರ್ ಗಣರಾಜ್ಯವು ತನ್ನ ಸಂವಿಧಾನದ ದಾರಿಯಲ್ಲಿಯೇ ಕುಸಿದದ್ದನ್ನು ಕಂಡ ದೇಶದಿಂದ ಬಂದವರಿಗೆ ಇವು ಕೇವಲ ತರಗತಿಯ ಊಹೆಗಳಾಗಿರಲಿಲ್ಲ. 1949ರ ಜರ್ಮನ್ ಮೂಲಭೂತ ಕಾನೂನು, ಅಂದರೆ ಅಲ್ಲಿನ ಸಂವಿಧಾನ, ಕೆಲವು ತತ್ತ್ವಗಳನ್ನು ತಿದ್ದುಪಡಿಯಿಂದಲೂ ಮುಟ್ಟಬಾರದೆಂದು ವಿಧಿಸಿದೆ. ಹಿರಿಯ ವಕೀಲ ಎಂ.ಕೆ. ನಂಬಿಯಾರ್ ಈ ವಾದವನ್ನು 1967ರ ಗೋಲಕನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದಿಟ್ಟರು. ಅದರಲ್ಲಿ ಹುರುಳಿದೆ ಎಂದ ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್, ಅದನ್ನು ಆಗ ನಿರ್ಣಯಿಸುವ ಅಗತ್ಯವಿಲ್ಲ ಎಂದು ಬಿಟ್ಟರು. 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ 7-6ರ ಬಹುಮತದಿಂದ ಸಿದ್ಧಾಂತವನ್ನು ಸ್ಥಾಪಿಸಿದಾಗ, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕಾನ್ರಾಡ್ ಅವರ ಬರಹವನ್ನು ಹೆಸರಿಸಿಯೇ ಉಲ್ಲೇಖಿಸಿದರು.

ಹೊರಗಿನ ವಿಚಾರ ಎಂಬ ನಿಮ್ಮ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ವಿಚಾರ ಎಲ್ಲಿಂದ ಬಂತು ಎಂಬುದಕ್ಕಿಂತ, ಅದು ನಮ್ಮ ಸಂವಿಧಾನದ ಪಠ್ಯಕ್ಕೆ ಮತ್ತು ಚರಿತ್ರೆಗೆ ಹೊಂದುತ್ತದೆಯೇ ಎಂಬುದು ಮುಖ್ಯ. ಆ ಹೊಂದಿಕೆಯನ್ನು ತೋರಿಸುವ ಕೆಲಸವನ್ನು ನಮ್ಮ ವಕೀಲರೂ ನ್ಯಾಯಮೂರ್ತಿಗಳೂ ಮಾಡಿದರು. ಅದು ಸಮರ್ಪಕವಾಗಿದೆಯೇ ಎಂಬ ಚರ್ಚೆ ಇನ್ನೂ ನಡೆದಿದೆ, ನಡೆಯಬೇಕು ಕೂಡ.

ಪ್ರಶ್ನೆ: ಸುಪ್ರೀಂ ಕೋರ್ಟ್ ತೀರ್ಪನ್ನು ಪ್ರಾಧ್ಯಾಪಕರು ಬಹಿರಂಗವಾಗಿ ಟೀಕಿಸಿದರೆ ನ್ಯಾಯಾಂಗ ನಿಂದನೆಯಾಗುವುದಿಲ್ಲವೇ?

ಉತ್ತರ: ಇಲ್ಲ. ಅಂತಿಮವಾಗಿ ಇತ್ಯರ್ಥವಾದ ಪ್ರಕರಣದ ಗುಣಾವಗುಣಗಳ ಬಗ್ಗೆ ನ್ಯಾಯಸಮ್ಮತ ಟೀಕೆ ಮಾಡುವುದು ನಿಂದನೆಯಲ್ಲ ಎಂದು 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಕಲಮು ಹೇಳುತ್ತದೆ. ಇಂಥ ಟೀಕೆಯ ಅತ್ಯುತ್ತಮ ನಿದರ್ಶನ 1979ರದು. ಪೊಲೀಸ್ ಠಾಣೆಯಲ್ಲಿ ಆದಿವಾಸಿ ಬಾಲಕಿಯ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ, ಆಕೆಯ ಮೈಮೇಲೆ ಗಾಯದ ಗುರುತುಗಳಿಲ್ಲ ಎಂಬುದನ್ನು ಮುಖ್ಯವಾಗಿ ಎಣಿಸಿ ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತ್ತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್ ಮತ್ತು ರಘುನಾಥ ಕೇಳಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಮಣಿಯುವುದು ಬೇರೆ, ಸಮ್ಮತಿಸುವುದು ಬೇರೆ ಎಂಬುದು ಅವರ ವಾದದ ತಿರುಳು: ಸಮ್ಮತಿ ಇದ್ದಲ್ಲಿ ಮಣಿಯುವಿಕೆ ಇರಬಹುದು, ಆದರೆ ಮಣಿದವರೆಲ್ಲ ಸಮ್ಮತಿಸಿದ್ದಾರೆ ಎನ್ನಲಾಗದು, ರಾತ್ರಿ ಠಾಣೆಯಲ್ಲಿ, ಸಮವಸ್ತ್ರದವರ ಎದುರು ಅಸಹಾಯಕಳಾಗಿರುವ ಬಾಲಕಿಯ ಮೌನದಿಂದ ಒಪ್ಪಿಗೆಯನ್ನು ಊಹಿಸುವುದು ಕಾನೂನಿಗೂ ವಿವೇಕಕ್ಕೂ ವಿರುದ್ಧ. ಆ ತೀರ್ಪು ಬದಲಾಗಲಿಲ್ಲ. ಆದರೆ ಪತ್ರ ಮಹಿಳಾ ಸಂಘಟನೆಗಳ ಹೋರಾಟಕ್ಕೆ ಕಿಡಿಯಾಯಿತು. 1983ರ ತಿದ್ದುಪಡಿಯು ವಶದಲ್ಲಿ ನಡೆಯುವ ಅತ್ಯಾಚಾರಕ್ಕೆ ಪ್ರತ್ಯೇಕ, ಕಠಿಣ ಶಿಕ್ಷೆಯನ್ನು ತಂದಿತು ಮತ್ತು ಅಂಥ ಪ್ರಕರಣದಲ್ಲಿ ಸಂಭೋಗ ನಡೆದದ್ದು ಸಾಬೀತಾಗಿ, ಸಂತ್ರಸ್ತೆ ತನ್ನ ಸಮ್ಮತಿ ಇರಲಿಲ್ಲವೆಂದು ಸಾಕ್ಷ್ಯ ನುಡಿದರೆ ಹಾಗೆಯೇ ಭಾವಿಸಬೇಕು ಎಂಬ ನಿಯಮವನ್ನು ಸಾಕ್ಷ್ಯ ಕಾಯ್ದೆಗೆ ಸೇರಿಸಿತು.

ಪ್ರಶ್ನೆ: ಸಾರ್ವಜನಿಕ, ಖಾಸಗಿ ಮತ್ತು ಕ್ರಿಮಿನಲ್ ಕಾನೂನು ಎಂಬ ವಿಭಜನೆ ಪಠ್ಯಪುಸ್ತಕದ ಅನುಕೂಲಕ್ಕೆ ಮಾತ್ರವೇ?

ಉತ್ತರ: ಅನುಕೂಲಕ್ಕಷ್ಟೇ ಅಲ್ಲ, ಯಾರು ಯಾರಿಗೆ ಏಕೆ ಉತ್ತರಿಸಬೇಕು ಎಂಬ ಪ್ರಶ್ನೆ ಮೂರರಲ್ಲಿಯೂ ಬೇರೆ ಬೇರೆ. 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ, ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯೆಂದು ಪರಿಗಣಿಸಿತು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸರ್ಕಾರ ಕೊಡಬೇಕಾದ ಪರಿಹಾರವು ಸಾರ್ವಜನಿಕ ಕಾನೂನಿನದು, ಸಿವಿಲ್ ದಾವೆಯಲ್ಲಿ ಕೇಳುವ ನಷ್ಟಪರಿಹಾರವು ಖಾಸಗಿ ಕಾನೂನಿನದು, ತಪ್ಪಿತಸ್ಥರ ಮೇಲಿನ ಮೊಕದ್ದಮೆ ಕ್ರಿಮಿನಲ್ ಕಾನೂನಿನದು ಎಂಬ ಭೇದ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತನ್ನ ಸಾರ್ವಭೌಮ ಕೆಲಸಗಳಿಗೆ ತಾನು ಹೊಣೆಯಲ್ಲ ಎಂಬ ಸರ್ಕಾರದ ಸಾರ್ವಭೌಮ ವಿನಾಯಿತಿಯ ವಾದ ಮೊದಲನೆಯದಕ್ಕೆ ಅಡ್ಡ ಬರುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಭೇದ ಗೊತ್ತಿಲ್ಲದಿದ್ದರೆ ಆ ತಾಯಿ ವರ್ಷಗಟ್ಟಲೆ ಸಿವಿಲ್ ನ್ಯಾಯಾಲಯದಲ್ಲಿ ಕಾಯಬೇಕಾಗುತ್ತಿತ್ತು.

ಪ್ರಶ್ನೆ: ಹೊಸ ಸಂಶೋಧನೆ ಯಾವ ವಿಷಯಗಳಲ್ಲಿ ನಡೆದಿದೆ? ಲೇಖನವನ್ನು ನಂಬುವ ಮೊದಲು ಏನು ನೋಡಬೇಕು?

ಉತ್ತರ: ಹೆಚ್ಚಿನ ಕೆಲಸ ಈಗ ಮೂರು ವಿಭಾಗಗಳ ಗಡಿಗಳಲ್ಲಿ ನಡೆದಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ 2016ರಲ್ಲಿ, ಆರೋಪಿ ಮತ್ತೆ ಅಪರಾಧ ಮಾಡುವ ಸಂಭವವನ್ನು ಲೆಕ್ಕಹಾಕುವ ತಂತ್ರಾಂಶದ ಅಂಕವನ್ನು ಶಿಕ್ಷೆ ವಿಧಿಸುವಾಗ ಕೆಲವು ಷರತ್ತುಗಳೊಂದಿಗೆ ಬಳಸಬಹುದು ಎಂದಿತು. ಒಳಗಿನ ಲೆಕ್ಕವನ್ನು ನೋಡಲಾಗದ ಯಂತ್ರದ ಮುಂದೆ ಆರೋಪಿ ತನ್ನನ್ನು ಹೇಗೆ ಸಮರ್ಥಿಸಿಕೊಳ್ಳಬೇಕು ಎಂಬ ಪ್ರಶ್ನೆ ವಿದ್ವಾಂಸರನ್ನು ಇಂದಿಗೂ ಕಾಡುತ್ತಿದೆ. ಖಾಸಗಿ ಕಾನೂನಿನಲ್ಲಿ, ಶೆಲ್ ಕಂಪನಿ ಇಂಗಾಲದ ಹೊರಸೂಸುವಿಕೆಯನ್ನು 2030ರೊಳಗೆ 45 ಶೇಕಡಾ ತಗ್ಗಿಸಬೇಕೆಂದು ಹೇಗ್‌ನ ಜಿಲ್ಲಾ ನ್ಯಾಯಾಲಯ 2021ರಲ್ಲಿ ಆದೇಶಿಸಿತ್ತು; 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಪ್ರಮಾಣವನ್ನು ತೆಗೆದುಹಾಕಿದರೂ ಹೊರಸೂಸುವಿಕೆಯನ್ನು ತಗ್ಗಿಸುವಲ್ಲಿ ಎಚ್ಚರ ವಹಿಸುವ ಹೊಣೆ ಕಂಪನಿಗಿದೆ ಎಂಬುದನ್ನು ಉಳಿಸಿಕೊಂಡಿತು.

ನಂಬಿಕೆಯ ವಿಷಯಕ್ಕೆ ಬಂದರೆ, ನಿಯತಕಾಲಿಕೆಯ ಹೆಸರೊಂದನ್ನೇ ನೆಚ್ಚಬೇಡಿ. ಅಮೆರಿಕದ ಅನೇಕ ಪ್ರತಿಷ್ಠಿತ ಕಾನೂನು ಪತ್ರಿಕೆಗಳನ್ನು ವಿದ್ಯಾರ್ಥಿಗಳೇ ಸಂಪಾದಿಸುತ್ತಾರೆ, ಬೇರೆಡೆ ಸಾಮಾನ್ಯವಾಗಿ ಸಹವಿದ್ವಾಂಸರ ಪರಿಶೀಲನೆ ಇರುತ್ತದೆ. ಲೇಖಕರು ಇರುವ ಕಾನೂನನ್ನು ವಿವರಿಸುತ್ತಿದ್ದಾರೋ, ಇರಬೇಕಾದ ಕಾನೂನನ್ನು ಪ್ರತಿಪಾದಿಸುತ್ತಿದ್ದಾರೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಎರಡೂ ಬೆರೆತಲ್ಲಿ ಹೊಸ ಓದುಗರು ದಾರಿ ತಪ್ಪುತ್ತಾರೆ. ಆಧಾರವಾಗಿ ಕೊಟ್ಟ ತೀರ್ಪನ್ನು ಮೂಲದಲ್ಲಿಯೇ ತೆರೆದು, ಉಲ್ಲೇಖಿಸಿದ ಮಾತು ತೀರ್ಮಾನವೇ ನಿಂತಿರುವ ಆಧಾರಸೂತ್ರವೋ, ನಡುವೆ ಹೇಳಿದ, ಬಂಧಿಸದ ಪ್ರಾಸಂಗಿಕ ಅಭಿಪ್ರಾಯವೋ, ಅದು ಇನ್ನೂ ಊರ್ಜಿತದಲ್ಲಿದೆಯೋ ನೋಡಿ. ಈ ಶ್ರಮ ಈಗ ಹಿಂದೆಂದಿಗಿಂತ ಅಗತ್ಯ: 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ, ಚಾಟ್‌ಜಿಪಿಟಿ ಸೃಷ್ಟಿಸಿದ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ ದಂಡ ವಿಧಿಸಿತು. ಕೊನೆಯದಾಗಿ, ಆ ಲೇಖನವನ್ನು ಖಂಡಿಸಿದ ಬರಹವೊಂದಿದ್ದರೆ ಅದನ್ನು ಹುಡುಕಿ ಓದಿದ ಮೇಲೆಯೇ ನಿಮ್ಮ ಟಿಪ್ಪಣಿ ಬರೆದುಕೊಳ್ಳಿ.