ಕಾಳಗದ ರೋಬೋ ಒಳಗೆ ಕನ್ನಡ ಮಾತಾಡುವ ಎಐ ಜೊತೆಗಾರ: ಇಂಟರ್ನೆಟ್ ಇಲ್ಲದೆ ಆಗುತ್ತಾ?

ಶಿವಮೊಗ್ಗದ ನಿಮ್ಮ ಕಾಲೇಜು ತಂಡ ಕಟ್ಟುತ್ತಿರುವುದು ಹತ್ತಡಿ ಎತ್ತರದ, ಒಳಗೊಬ್ಬರು ಕೂತು ನಡೆಸುವ ರೋಬೋ. ಅವರಿಗೆ ಕನ್ನಡದಲ್ಲೇ ಜೊತೆ ಕೊಡುವ ಎಐ ಬೇಕು, ನೆಟ್‌ವರ್ಕ್ ನಂಬುವ ಹಾಗಿಲ್ಲ ಅಂದಿದ್ದೀರಿ. ಆಗುತ್ತೆ. ಆದರೆ ಹರಟೆ ಹೊಡೆಯುವ ದೊಡ್ಡ ಮಾಡೆಲ್‌ನಿಂದ ಶುರು ಮಾಡಬೇಡಿ. ಹನ್ನೆರಡು ಆಜ್ಞೆಯ ಪದವನ್ನು ತಪ್ಪದೆ ಕೇಳಿಸಿಕೊಳ್ಳುವ ಕಿವಿ ಮೊದಲು ಬೇಕು.

ಮಾತನ್ನು ಬರಹಕ್ಕಿಳಿಸಲು ಹೆಚ್ಚಿನವರು ಹಾಕುವ ವಿಸ್ಪರ್ ಮಾಡೆಲ್ ಒಂದು ಸೆಕೆಂಡಿನ ಮಾತಿಗೂ ಮೌನ ಸೇರಿಸಿ 30 ಸೆಕೆಂಡ್ ಮಾಡಿಕೊಂಡು ಓದುತ್ತೆ. ಪುಟ್ಟ ಬೋರ್ಡಿನಲ್ಲಿ ಅದು ತಡ. ಬರೀ ಗದ್ದಲ ಕೇಳಿಸಿದರೂ ಯಾರೂ ಆಡದ ಮಾತು ಬರೆದುಬಿಡುತ್ತೆ. ಬದಲಿಗೆ 16 ಕಿಲೋಹರ್ಟ್ಸ್‌ನಲ್ಲಿ ಒಂದೊಂದು ಸೆಕೆಂಡಿನ ತುಣುಕು ರೆಕಾರ್ಡ್ ಮಾಡಿ, ಕೀವರ್ಡ್ ಗುರುತಿಸುವ ಸಣ್ಣ ಮಾಡೆಲ್ ತರಬೇತಿ ಮಾಡಿ. ಪ್ರತಿ ಪದವನ್ನೂ 20 ಜನ ಹತ್ತತ್ತು ಸಲ ಹೇಳಲಿ; ತೀರ್ಥಹಳ್ಳಿಯವರು, ಭದ್ರಾವತಿಯವರು, ಹುಡುಗಿಯರು, ಹುಡುಗರು ಎಲ್ಲರೂ ಇರಲಿ. ನಿಮ್ಮದೇ ಗೇರ್‌ಬಾಕ್ಸ್ ಸದ್ದು ಬೆರೆಸಿ. 'ಯಾವುದೂ ಅಲ್ಲ' ಅನ್ನೋ ಗುಂಪಿಗೆ ಮಾಮೂಲಿ ಮಾತು, ತಗಡಿನ ಶೀಟಿನ ಮೇಲೆ ಬೀಳುವ ಮಳೆ ಸೇರಿಸಿ.

ಪದ ಆರಿಸುವಾಗ ಬಹಳ ಎಚ್ಚರ. ಕನ್ನಡದಲ್ಲಿ 'ಬೇಡ' ಬರುವುದು ಕೊನೆಗೆ. 'ಹೊಡಿಬೇಡ' ಅಂದಾಗ ಬಾಲ ಮೋಟಾರ್ ಸದ್ದಿನಲ್ಲಿ ಮುಳುಗಿದರೆ ಯಂತ್ರಕ್ಕೆ ಸಿಗುವುದು 'ಹೊಡಿ'. ಅರ್ಥವೇ ಉಲ್ಟಾ! 'ತಡಿ' ಕೂಡ ಬೇಡ, ಹೊಡಿಗೆ ಪ್ರಾಸವಾಗುತ್ತೆ. 'ಸಾಕು' ಚೆನ್ನಾಗಿದೆ, 'ಸ'ಕಾರದ ಸೀಟಿ ಮೋಟಾರಿನ ಗುಂಯ್‌ಗುಡುವಿಕೆಯ ಮೇಲೆ ಎದ್ದು ಕೇಳುತ್ತೆ. ಗಂಟಲಿಗೆ ಕಟ್ಟುವ ಮೈಕ್ ಈ ಸೀಟಿಯನ್ನೇ ನುಂಗುತ್ತೆ, ಹಾಗಾಗಿ ತುಟಿ ಪಕ್ಕ ನಿಲ್ಲುವ ಬೂಮ್ ಮೈಕ್ ಹಾಕಿ. ಗುಂಡಿ ಒತ್ತಿ ಮಾತಾಡುವ ವ್ಯವಸ್ಥೆ ಮಾಡಿ. ಆದರೆ ಜನ ಒತ್ತುವ ಮೊದಲೇ ಬಾಯಿ ತೆಗೆಯುತ್ತಾರೆ, 'ಎಡಕ್ಕೆ', 'ಬಲಕ್ಕೆ' ಎರಡೂ ಬರೀ 'ಕ್ಕೆ' ಆಗಿಬಿಡುತ್ತೆ. ಹಾಗಾಗಿ ಗುಂಡಿ ಒತ್ತುವುದಕ್ಕೂ ಮುಂಚಿನ 300 ಮಿಲಿಸೆಕೆಂಡ್ ಧ್ವನಿ ಬಫರ್‌ನಲ್ಲಿ (ತಾತ್ಕಾಲಿಕ ಮೆಮೊರಿಯಲ್ಲಿ) ಸದಾ ಇರಲಿ.

ಎಐ ಆಡುವ ಮಾತು ಮೊದಲೇ ರೆಕಾರ್ಡ್ ಮಾಡಿದ ತುಣುಕುಗಳಾಗಿರಲಿ. ಭಾಗದ ಹೆಸರು ಮುಂದೆ, ಕ್ರಿಯಾಪದ ಬೇಡವೇ ಬೇಡ: 'ಬಲ ಮಂಡಿ, ಬಿಸಿ.' ಗದ್ದಲದಲ್ಲಿ ಎಪ್ಪತ್ತು, ಎಂಬತ್ತು ಒಂದೇ ಥರ ಕೇಳುತ್ತೆ. 'ಏಳು, ಸೊನ್ನೆ' ಅನ್ನಿಸಿ.

ಇದನ್ನೆಲ್ಲ ನಡೆಸಲು ರಾಸ್‌ಬೆರಿ ಪೈ 5 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಸಾಕು, ಕೂಲಿಂಗ್ ಫ್ಯಾನ್ ಸಮೇತ. ಅದಕ್ಕೆ 5 ವೋಲ್ಟ್, 5 ಆಂಪಿಯರ್ ಬೇಕು, ಅದೂ ಪ್ರತ್ಯೇಕ ಬ್ಯಾಟರಿಯಿಂದ. ಮೋಟಾರ್ ಜೊತೆ ಹಂಚಿಕೊಂಡರೆ, ಕಾಲು ಸಿಕ್ಕಿಕೊಂಡು ಮೋಟಾರ್ ಕರೆಂಟ್ ಎಳೆದ ಕ್ಷಣ ವೋಲ್ಟೇಜ್ ಕುಸಿದು ಎಐ ರೀಸ್ಟಾರ್ಟ್ ಆಗುತ್ತೆ, ಜೊತೆಗಾರ ಬೇಕಾದ ಹೊತ್ತಿನಲ್ಲೇ. ಪೈನಿಂದ ಮೋಟಾರ್ ಕಂಟ್ರೋಲರ್‌ಗೆ ಕ್ಯಾನ್ ಬಸ್ (ಸಂದೇಶ ಸಾಗಿಸುವ ಎರಡು ತಂತಿಯ ಸಾಲು) ಎಳೆಯಿರಿ, ಎರಡೂ ತುದಿಗೆ 120 ಓಮ್ ರೆಸಿಸ್ಟರ್. ಪೈನಿಂದ 300 ಮಿಲಿಸೆಕೆಂಡ್ ಸಂದೇಶ ಬಾರದಿದ್ದರೆ ಮೋಟಾರ್ ತಾನೇ ನಿಲ್ಲಬೇಕು.

ಮಳೆಗಾಲಕ್ಕೆ ಬರೀ ಮುಚ್ಚಿದ ಡಬ್ಬಿ ಸಾಲದು. ಬಿಸಿಯಾದ ಡಬ್ಬಿ ರಾತ್ರಿ ತಣ್ಣಗಾದಾಗ ಒಳಗಿನ ಗಾಳಿಯ ತೇವವೇ ನೀರಾಗಿ ಕೂರುತ್ತೆ. ಬೋರ್ಡಿಗೆ ಕನ್‌ಫಾರ್ಮಲ್ ಕೋಟಿಂಗ್ ಅನ್ನೋ ತೇವ ತಡೆಯುವ ತೆಳು ಲೇಪ ಹೊಡೆಯಿರಿ (ಅದಕ್ಕೂ ಮೊದಲು ಕನೆಕ್ಟರ್‌ಗೆ ಟೇಪ್ ಸುತ್ತಿ), ತೇವ ಹೀರುವ ಸಿಲಿಕಾ ಜೆಲ್ ಇಡಿ, ಕೇಬಲ್‌ಗಳು ಕೆಳಗಿನಿಂದ ಒಳಹೋಗಲಿ.

2012ರ ಜಪಾನಿನ ಕುರಾಟಾಸ್ ರೋಬೋ, 2017ರಲ್ಲಿ ಅದರೊಡನೆ ಕಾದಾಡಿದ ಅಮೆರಿಕದ ಈಗಲ್ ಪ್ರೈಮ್, ಎರಡನ್ನೂ ಒಳಗೆ ಕೂತು ನಡೆಸಿದ್ದು ಮನುಷ್ಯರೇ. ನಿಮ್ಮಲ್ಲೂ ಹಾಗೇ ಇರಲಿ: ಎಐ ಎಚ್ಚರಿಸಲಿ, ಗುರಿ ತೋರಿಸಲಿ, ಹೊಡೆಯುವ ಗುಂಡಿ ಒಳಗೆ ಕೂತವರ ಕೈಯಲ್ಲೇ ಇರಲಿ. ಕೆಂಪು ಎಮರ್ಜೆನ್ಸಿ ಸ್ವಿಚ್ ಪೈ ಮೂಲಕ ಹಾಯದೆ ಕಾಂಟ್ಯಾಕ್ಟರ್‌ನ (ಮೋಟಾರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್‌ನ) ಕಾಯಿಲಿಗೆ ಹೋಗುವ ಕರೆಂಟನ್ನೇ ನೇರವಾಗಿ ಕಡಿಯಬೇಕು. ಅಂಥ ಸ್ವಿಚ್ ಒಂದು ಒಳಗೆ ಇರಲಿ, ಇನ್ನೊಂದು ಹೊರಗೆ ನಿಂತವರ ಕೈಗೆಟುಕುವ ಹಾಗೆ.