ಕಾವೇರಿ ದಡದ ನೀಲಿ ಎಳೆ ಪ್ಲಾಸ್ಟಿಕ್ಕೇ?

ಪ್ರಶ್ನೆ: ದುಬಾರೆಯ ಬಳಿ ಕಾವೇರಿ ದಡದಿಂದ ತಂದ ಮರಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಮ್ಮ ಮಕ್ಕಳಿಗೆ ನೀಲಿ ಎಳೆಗಳು, ಕಪ್ಪು ಚೂರುಗಳು ಕಂಡವು. ಮೈಕ್ರೋಪ್ಲಾಸ್ಟಿಕ್ ಸಿಕ್ಕಿತೆಂದು ವರದಿ ಬರೆಯಬಹುದೇ?
– ವಿಜ್ಞಾನ ಶಿಕ್ಷಕಿ, ಕುಶಾಲನಗರ

ಉತ್ತರ: ಈಗಲೇ ಬರೆಯಬೇಡಿ, ಮೇಡಂ. 5 ಮಿಲಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಚೂರಿಗೆ ಆ ಹೆಸರಿದೆ, ನಿಜ. ಆದರೆ ಜೀನ್ಸ್ ಬಟ್ಟೆಯಿಂದ ಉದುರಿದ ಹತ್ತಿಯ ನೂಲೂ ನೀಲಿಯೇ. ಕಪ್ಪು ಚೂರು ಕಾಫಿ ಸಸಿಯ ಪಾಲಿಥೀನ್ ಚೀಲದ್ದಾಗಿರಬಹುದು, ಬರೀ ಇದ್ದಿಲೂ ಆಗಿರಬಹುದು. ಕಣ್ಣು ಇಲ್ಲಿ ಅನುಮಾನ ಪಡಬಲ್ಲದು, ತೀರ್ಪು ಕೊಡಲಾರದು.

ಪ್ರಯೋಗಾಲಯದಲ್ಲಿ ಮೊದಲು ಮರಳನ್ನು ಉಪ್ಪು ಕರಗುವಷ್ಟೂ ಕರಗಿಸಿದ ನೀರಿಗೆ ಹಾಕಿ ಕದಡುತ್ತಾರೆ. ಮರಳು ತಳ ಸೇರುತ್ತದೆ, ಪಾಲಿಥೀನ್ ತೇಲುತ್ತದೆ. ಆದರೆ ಬರೀ ನೀರಿನ ಸಾಂದ್ರತೆ 1 ಎಂದರೆ ಈ ಉಪ್ಪುನೀರಿನದು ಸುಮಾರು 1.2, ಪಾಲಿಯೆಸ್ಟರಿನದು 1.38, ಅದು ಮರಳಿನೊಂದಿಗೇ ಮುಳುಗುತ್ತದೆ. ಅದಕ್ಕೆ ಸತುವಿನ ಕ್ಲೋರೈಡ್‌ನಂಥ ಭಾರದ ದ್ರಾವಣ ಬೇಕು. ನಿಮ್ಮ ಕಡೆಯ ಮರಳಿನಲ್ಲಿ ಕೊಳೆತ ಎಲೆ ಇದ್ದೇ ಇರುತ್ತದೆ, ಅದನ್ನು ಶೇ. 30ರ ಹೈಡ್ರೋಜನ್ ಪೆರಾಕ್ಸೈಡ್ ಕರಗಿಸುತ್ತದೆ. ಇವೆರಡೂ ಅಪಾಯಕಾರಿ, ಶಾಲೆಯಲ್ಲಿ ಬೇಡವೇ ಬೇಡ.

ನಿಜವಾದ ಗುರುತು ಸಿಗುವುದು ಇನ್‌ಫ್ರಾರೆಡ್ ಕಿರಣದಿಂದ. ಪ್ರತಿ ವಸ್ತುವೂ ತನ್ನದೇ ಅಲೆಗಳನ್ನು ಹೀರುತ್ತದೆ, ಯಂತ್ರ ಅದರ ನಕ್ಷೆ ಬರೆಯುತ್ತದೆ. ಆ ನಕ್ಷೆ ಮೂಡುವುದನ್ನು ನೋಡುವುದೆಂದರೆ ನನಗೆ ಇಂದಿಗೂ ಸಂಭ್ರಮ. ನಕ್ಷೆಯ ಅಂಕಿಗಳು ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಎಂಬ ಲೆಕ್ಕ. ಪಾಲಿಯೆಸ್ಟರ್ ಆದರೆ 1715ರ ಆಸುಪಾಸಿನಲ್ಲಿ ಚೂಪಾದ ಶೃಂಗ ಎದ್ದು ಕಾಣುತ್ತದೆ. ಹತ್ತಿಯಲ್ಲಿ ಅದಿಲ್ಲ, 3300ರ ಬಳಿ ಅಗಲವಾದ ಉಬ್ಬು ಬರುತ್ತದೆ. ಹತ್ತಿಪ್ಪತ್ತು ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಚಿಕ್ಕ ಕಣಕ್ಕೆ, ಲೇಸರ್ ಬೆಳಕು ಚದುರುವ ಬಗೆಯನ್ನು ನೋಡುವ ರಾಮನ್ ವಿಧಾನ ಬೇಕು, ಅದು ಒಂದು ಮೈಕ್ರಾನಿನವರೆಗೂ ಇಳಿಯುತ್ತದೆ. ಆದರೆ ಬಟ್ಟೆಯ ಬಣ್ಣವೇ ಎಷ್ಟೋ ಸಲ ಅಲ್ಲಿ ನೂಲಿನ ಗುರುತನ್ನು ಮುಚ್ಚಿಬಿಡುತ್ತದೆ. ಕಪ್ಪು ಚೂರುಗಳು ಎರಡಕ್ಕೂ ಕಷ್ಟ. ಅವನ್ನು ಕಾಯಿಸಿ ಒಡೆದು, ಹೊರಬಂದ ಅನಿಲವನ್ನು ಪರೀಕ್ಷಿಸುವ ವಿಧಾನವಿದೆ. ಆದರೆ ಚೂರು ಮತ್ತೆ ಉಳಿಯುವುದಿಲ್ಲ.

ಶಾಲೆಯಲ್ಲೇ ನೀವು ಮಾಡಬಹುದಾದದ್ದು ಬಿಸಿ ಸೂಜಿಯ ಪರೀಕ್ಷೆ. ಸೂಕ್ಷ್ಮದರ್ಶಕದ ಕೆಳಗೆ ಕಾದ ಸೂಜಿಯನ್ನು ಎಳೆಗೆ ಮುಟ್ಟಿಸಿ. ಬಹುತೇಕ ಪ್ಲಾಸ್ಟಿಕ್ ಎಳೆಗಳು ಕರಗಿ ಸುರುಟಿಕೊಳ್ಳುತ್ತವೆ, ಹತ್ತಿ ಕರಗುವುದಿಲ್ಲ, ಕಂದುತ್ತದೆ. ಸೂಜಿ ನಿಮ್ಮ ಕೈಯಲ್ಲೇ ಇರಲಿ.

ಒಂದು ಮಾತು ಕೇಳಲೇಬೇಕು: ಆ ದಿನ ಮಕ್ಕಳು ನೀಲಿ ಸ್ವೆಟರ್ ಹಾಕಿದ್ದರೇ? ಕೊಡಗಿನ ಚಳಿಗೆ ಹಾಕದೆ ಇರಲಾರರು. ಹೆಚ್ಚಿನ ಶಾಲಾ ಸ್ವೆಟರುಗಳು ಅಕ್ರಿಲಿಕ್ ಆದ್ದರಿಂದ ಅವುಗಳ ಎಳೆಯೇ ಮಾದರಿಗೆ ಬಿದ್ದಿರಬಹುದು. ಸೋಸಿದ ನೀರಿನ ಗಾಜಿನ ಬಟ್ಟಲೊಂದನ್ನು ಪಕ್ಕದಲ್ಲೇ ತೆರೆದಿಟ್ಟು, ಕೊನೆಯಲ್ಲಿ ಗಾಳಿಯಿಂದ ಅದಕ್ಕೆ ಬಿದ್ದ ಎಳೆಗಳನ್ನೂ ಎಣಿಸಿ. ಮರಳಿನಲ್ಲಿ ಸಿಕ್ಕ, ಸೂಜಿ ಮುಟ್ಟಿಸದ ಎಳೆಗಳನ್ನು ಗಾಜಿನ ಶೀಶೆಯಲ್ಲಿ ತೆಗೆದಿಟ್ಟು, ಇನ್‌ಫ್ರಾರೆಡ್ ಯಂತ್ರವಿರುವ ರಸಾಯನಶಾಸ್ತ್ರ ವಿಭಾಗಕ್ಕೆ ಪತ್ರ ಬರೆಯಿರಿ. ನಕ್ಷೆಯಲ್ಲಿ 2240ರ ಬಳಿ ಶೃಂಗ ಕಂಡರೆ ಅದು ಅಕ್ರಿಲಿಕ್. ಆಗ ಸ್ವೆಟರಿನ ಒಂದು ಎಳೆಯನ್ನೂ ಜೊತೆಗಿಟ್ಟು ಹೋಲಿಸಲು ಹೇಳಿ.